ಮೈಕಕ್ಕನ ಎರಡು ಮಾತು

ಅವಳನ್ನು ಮೈಕಕ್ಕ ಎಂದು ಮೊದಲು ಕರೆದವನು ಬ್ಯಾಂಕಿನ ಬಾಗಿಲು ಕಾಯುವವನು. ಒಳಗೆ ಕೌಂಟರಿನಲ್ಲಿ ಕೂತು ಅವಳು “ಮುಂದಿನವರು ಬನ್ನಿ” ಎಂದರೆ, ಬೀದಿಯಲ್ಲಿ ಹೋಗುತ್ತಿದ್ದವರು ತಮ್ಮನ್ನೇ ಕರೆದರೇನೋ ಅಂದುಕೊಂಡು ಒಳಗೆ ಬಂದುಬಿಡುತ್ತಿದ್ದರಂತೆ. ಕಾವಲಿನವನ ಮಾತಿನಲ್ಲಿ ಉಪ್ಪುಖಾರ ಸ್ವಲ್ಪ ಜಾಸ್ತಿ, ಅದು ಬೇರೆ ವಿಷಯ. ಹೆಸರಂತೂ ಅಂಟಿಕೊಂಡಿತು. ಮ್ಯಾನೇಜರ್ ಕೂಡ ಒಮ್ಮೆ ಎಲ್ಲರ ಮುಂದೆ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದರು.

ಅವಳ ಗಂಟಲಿನದೇನೂ ತಪ್ಪಿಲ್ಲ. ಹುಟ್ಟಿ ಬೆಳೆದದ್ದು ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಯಲ್ಲಿ. ಗಿರಣಿ ನಡೆಸುತ್ತಿದ್ದವನು ಅಪ್ಪ. ಬೆಳಗಾದರೆ ಬೆಲ್ಟು ತಿರುಗುವುದಕ್ಕೆ ಶುರು, ಗೋಡೆ ನಡುಗುವುದಕ್ಕೆ ಶುರು. ಆ ಮನೆಯಲ್ಲಿ ನೀರು ಕೊಡು ಅನ್ನುವುದಕ್ಕೂ ಕೂಗಬೇಕು, ಮುದ್ದು ಮಾಡುವುದಕ್ಕೂ ಕೂಗಬೇಕು. ಅಪ್ಪ ಅಮ್ಮ ಪ್ರೀತಿಯಿಂದ ಮಾತಾಡಿಕೊಳ್ಳುವುದನ್ನು ಕೇಳಿದ ಹೊಸಬರು ಜಗಳ ಬಿಡಿಸಲು ಬರುತ್ತಿದ್ದರು. ಅಲ್ಲಿ ಕಲಿತ ದನಿಯನ್ನು ಅವಳು ಶಾಲೆಗೂ ತೆಗೆದುಕೊಂಡು ಹೋದಳು, ಬ್ಯಾಂಕಿಗೂ ತಂದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇದನ್ನಂತೂ ಸುಡಲು ಯಾರೂ ಪ್ರಯತ್ನ ಪಡಲಿಲ್ಲ.

ಹಾಗೆಂದರೆ ಸುಳ್ಳಾದೀತು. ಪ್ರಯತ್ನ ಪಟ್ಟವನು ಒಬ್ಬನಿದ್ದ, ಗಂಡ. ಆತ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. “ಶ್” ಅನ್ನುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೂ ಗಿರಣಿಯ ಮಗಳಿಗೂ ಗಂಟು ಹಾಕಿದವರು ಯಾರೋ ತಮಾಷೆಗೇ ಹಾಕಿರಬೇಕು. ಆದರೂ ಇಬ್ಬರೂ ಚೆನ್ನಾಗಿದ್ದರು. ಅವಳು ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದಳು, ಅವನು ಇಬ್ಬರ ಪಾಲಿನ ಮೌನವನ್ನೂ ನೋಡಿಕೊಳ್ಳುತ್ತಿದ್ದ.

ಎಡವಟ್ಟಾದದ್ದು ಬ್ಯಾಂಕಿನಲ್ಲಿ. ಒಬ್ಬ ಹಿರಿಯರು ಲಾಕರಿನ ಬೀಗದ ಕೈ ಕಳೆದುಕೊಂಡು, ಹೆಂಡತಿಗೆ ಗೊತ್ತಾಗದಂತೆ ವಿಚಾರಿಸಲು ಬಂದಿದ್ದರು. ಗಾಜಿನ ತೂತಿಗೆ ಬಾಯಿಟ್ಟು ಪಿಸುಗುಟ್ಟಿದರು. ಮೈಕಕ್ಕ ಪೂರಾ ಕಾಳಜಿಯಿಂದಲೇ ಕೇಳಿದಳು: “ಅಯ್ಯೋ, ಲಾಕರ್ ಕೀ ಕಳ್ಕೊಂಡ್ರಾ? ಮನೇಲಿ ಹೇಳಿಲ್ವಾ ಇನ್ನೂ?” ಆ ಹಿರಿಯರ ಹೆಂಡತಿಯ ತಂಗಿ ಅದೇ ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತಿದ್ದರು! ದೂರು ಬಂತು. ಅದು ಮೊದಲನೆಯ ದೂರೂ ಅಲ್ಲ. ಮರುವಾರವೇ ಅವಳನ್ನು ಕೌಂಟರಿನಿಂದ ಎಬ್ಬಿಸಿ, ಹಿಂದಿನ ಕೋಣೆಯಲ್ಲಿ ಹಳೆಯ ಕಡತ ಜೋಡಿಸಲು ಕೂರಿಸಿದರು.

ಮೈಕಕ್ಕನಿಗೆ ಬಹಳ ನೋವಾಯಿತು. ಆ ಕೋಣೆಯಲ್ಲಿ ಫ್ಯಾನು ಬಿಟ್ಟರೆ ಮಾತಾಡುವವರಿಲ್ಲ. ತನ್ನ ದನಿ ಹತ್ತು ಜನಕ್ಕೆ ತೊಂದರೆ ಕೊಡುವ ವಸ್ತು ಎಂದು ಅವಳಿಗೆ ಮೊದಲ ಸಲ ನಿಜಕ್ಕೂ ಅನ್ನಿಸಿತು. ಮನೆಯಲ್ಲೂ ಮಾತು ಕಮ್ಮಿ ಮಾಡಿದಳು. ಬಾಯಿಗೆ ಬೀಗ ಹಾಕಿಕೊಂಡ ಹೆಂಡತಿಯನ್ನು ಕಂಡು ಗಂಡನಿಗೆ ದಿಗಿಲಾಯಿತು.

“ಯಾಕೆ ಹೀಗಿದೀಯ? ಏನಾದ್ರೂ ಮಾತಾಡು,” ಎಂದ.

“ಇಷ್ಟು ವರ್ಷ ಸುಮ್ನಿರು ಅಂದ್ರಿ. ಈಗ ಸುಮ್ನಿದೀನಲ್ಲ, ಅನುಭವಿಸಿ,” ಎಂದಳು, ಅದನ್ನೂ ಮೆಲ್ಲಗೆ.

ಹೀಗಿರುವಾಗ ಮೇಲಿನ ಕಚೇರಿಯಿಂದ ಅಪ್ಪಣೆ ಬಂತು. ಪ್ರತಿ ಶಾಖೆಯವರೂ ವರ್ಷಕ್ಕೊಂದು ಕೆಲಸದ ದಿನವನ್ನು ಊರಿನ ಸೇವೆಗೆ ಕೊಡಬೇಕು, ಸಂಬಳ ಕಡಿತವಿಲ್ಲ. ಮ್ಯಾನೇಜರಿಗೆ ಇಂಥದ್ದು ಸಿಕ್ಕರೆ ಸಾಕು. ಆತ ಒಳ್ಳೆಯ ಮನುಷ್ಯ, ಆದರೆ ಕೆಲಸಕ್ಕಿಂತ ಒಂದು ಮಾರು ಮುಂದೆ ಓಡುವ ಉತ್ಸಾಹ. ಎರಡೇ ದಿನದಲ್ಲಿ ಎಲ್ಲರಿಗೂ ಹಳದಿ ಟೀ ಶರ್ಟು ಹೊಲಿಸಿದ್ದಾಯಿತು, ಬಣ್ಣದ ಡಬ್ಬಿ ಬಂತು, ಬ್ರಶ್ಶು ಬಂತು. ಊರಾಚೆಯ ಶಾಲೆಯೊಂದರ ಗೋಡೆಗಳಿಗೆ ಬಣ್ಣ ಬಳಿದು, ಮೇಲೆ ಹಕ್ಕಿ, ಚಿಟ್ಟೆ, ಸೂರ್ಯಕಾಂತಿ ಬರೆಯುವುದೆಂದು ತೀರ್ಮಾನವಾಯಿತು. ಇಡೀ ಶಾಖೆ ಒಂದು ವ್ಯಾನಿನಲ್ಲಿ ಹಾಡು ಹೇಳಿಕೊಂಡು ಹೊರಟಿತು. ಮೈಕಕ್ಕ ಹಿಂದಿನ ಸೀಟಿನಲ್ಲಿ ತುಟಿ ಅಲ್ಲಾಡಿಸಿದಳು ಅಷ್ಟೇ.

ಶಾಲೆಯ ದೊಡ್ಡ ಟೀಚರ್ ಬಾಗಿಲಲ್ಲೇ ಎದುರಾದರು. ಡಬ್ಬಿಗಳನ್ನು ನೋಡಿದರು, ಸೂರ್ಯಕಾಂತಿಯ ನಕ್ಷೆ ನೋಡಿದರು, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: “ಚಿತ್ರ ತುಂಬ ಚೆನ್ನಾಗಿದೆ ಸಾರ್. ಆದ್ರೆ ಇದು ಕಣ್ಣು ಕಾಣದ ಮಕ್ಕಳ ಶಾಲೆ. ಯಾರು ನೋಡಬೇಕು?”

ಅಂಧ ಮಕ್ಕಳ ಶಾಲೆ ಎಂದು ಎಲ್ಲರಿಗೂ ಗೊತ್ತಿತ್ತು, ಫಲಕದ ಮೇಲೂ ಇತ್ತು. ಗೊತ್ತಿದ್ದದ್ದು ತಲೆಯಿಂದ ಕೈಗೆ ಇಳಿದಿರಲಿಲ್ಲ. ಟೀಚರ್ ಮುಂದುವರಿಸಿದರು: “ಇನ್ನೊಂದು ವಿಷಯ. ಬಣ್ಣದ ವಾಸನೆ ವಾರಗಟ್ಟಲೆ ಹೋಗಲ್ಲ. ನಮ್ಮ ಮಕ್ಕಳು ಅಡುಗೆಮನೆ ಯಾವ ಕಡೆ, ಸ್ನಾನದಮನೆ ಯಾವ ಕಡೆ ಅಂತ ವಾಸನೆ ಹಿಡಿದೇ ಓಡಾಡೋದು. ದಾರಿ ತಪ್ಪಿಹೋಗತ್ತೆ.” ಮ್ಯಾನೇಜರ್ ಮುಖ ನೋಡುವಂತಿತ್ತು, ಪಾಪ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಗುಮಾಸ್ತ ಮುಚ್ಚಳ ತೆಗೆದ ಡಬ್ಬಿಯನ್ನೇ ಹಿಡಿದು ಒಳಗೆ ನುಗ್ಗುತ್ತಿದ್ದ. ಮೈಕಕ್ಕನಿಗೆ ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಕಟ್ಟಿಟ್ಟಿದ್ದ ಗಂಟಲು ತಾನಾಗಿ ಬಿಚ್ಚಿಕೊಂಡಿತು.

“ಏಯ್, ಅಲ್ಲೇ ನಿಲ್ರೀ! ಒಳಗೆ ತರಬೇಡಿ!”

ಮರದ ಮೇಲಿನ ಹಕ್ಕಿಗಳು ಎದ್ದುಹೋದವು. ಮೈದಾನದ ಆ ತುದಿಯಲ್ಲಿ ಓಡುವ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗಿ ತಟ್ಟನೆ ನಿಂತು, ನೇರವಾಗಿ ಈ ಕಡೆಗೆ ಮುಖ ತಿರುಗಿಸಿದಳು. ಅವಳ ಪಕ್ಕದಲ್ಲಿದ್ದ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದ ಆಟದ ಮೇಷ್ಟ್ರು ಬಿರಬಿರನೆ ನಡೆದು ಬಂದರು. ಮೈಕಕ್ಕ ಬೈಸಿಕೊಳ್ಳಲು ತಯಾರಾಗಿ ನಿಂತಳು.

“ಈಗ ಕೂಗಿದ್ದು ಯಾರು?” ಮೇಷ್ಟ್ರ ಬಾಯಿಂದ ಬಂದದ್ದು ಮಾತಲ್ಲ, ಬರೀ ಗಾಳಿ.

“ನಾನೇ. ತಪ್ಪಾಯ್ತು, ಇನ್ನು ಕೂಗಲ್ಲ.”

“ಅಯ್ಯೋ ತಾಯಿ, ಕೂಗಿ! ನಿಮ್ಮಂಥೋರು ಎಲ್ಲಿದೀರಾ ಅಂತ ಊರೆಲ್ಲ ಹುಡುಕ್ತಾ ಇದೀನಿ!”

ವಿಷಯ ಇಷ್ಟು. ಆ ಹುಡುಗಿಯನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಉದ್ದ ಜಿಗಿತದಲ್ಲಿ ಶಾಲೆಗೆ ಅವಳೇ ಮೊದಲು. ಕಣ್ಣು ಕಾಣದವರು ಉದ್ದ ಜಿಗಿಯುವುದು ಹೇಗೆಂದರೆ, ಮರಳ ಗುಂಡಿಯ ಹತ್ತಿರ ಒಬ್ಬರು ನಿಂತು ಬಿಡದೆ ಕರೆಯುತ್ತಾರೆ. ಆ ದನಿ ಎಲ್ಲಿಂದ ಬರುತ್ತದೋ ಅಲ್ಲಿಗೆ ನೇರ ಓಡಿ, ಎಣಿಸಿಟ್ಟ ಹೆಜ್ಜೆ ಮುಗಿದಾಗ ಹಾರಬೇಕು. ಇಷ್ಟು ದಿನ ಕರೆಯುತ್ತಿದ್ದವರು ಮೇಷ್ಟ್ರು. ಹೋದ ವರ್ಷದ ಪಂದ್ಯದಲ್ಲಿ ಅವರ ದನಿ ಪಕ್ಕದ ಓಟದ ಗದ್ದಲದಲ್ಲಿ ಮುಳುಗಿಹೋಯಿತು. ಮಿಡತೆ ದಾರಿ ತಪ್ಪಿ ಮರಳಿನ ಆಚೆ ಕಲ್ಲುಹಾಸಿನ ಮೇಲೆ ಬಿದ್ದಳು, ಕಾಲು ಮುರಿಯಿತು. ಕಾಲು ಕೂಡಿಕೊಂಡಿತು, ಆದರೆ ಮೇಷ್ಟ್ರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ತಿಂಗಳು ದೊಡ್ಡ ತಂಡಕ್ಕೆ ಆಯ್ಕೆಯ ಪಂದ್ಯ. ಮಿಡತೆಗೆ ಶಾಲೆಯ ಕೊನೆಯ ವರ್ಷ. ಈ ಸಲ ಆಗದಿದ್ದರೆ ವಯಸ್ಸು ಮೀರುತ್ತದೆ, ಜಿಗಿತವೂ ಮುಗಿಯುತ್ತದೆ.

ಹುಡುಗಿಯೂ ಅಷ್ಟರಲ್ಲಿ ಬಂದಿದ್ದಳು. “ನಿಮ್ಮ ದನಿ ದಪ್ಪ ಹಗ್ಗ ಇದ್ದ ಹಾಗಿದೆ ಅಕ್ಕಾ,” ಎಂದಳು. “ಹಿಡ್ಕೊಂಡು ಬರಬಹುದು.”

ಮೈಕಕ್ಕನ ದನಿಯ ಬಗ್ಗೆ ಹುಟ್ಟಿದಂದಿನಿಂದ ಯಾರೂ ಅಂಥ ಮಾತು ಆಡಿರಲಿಲ್ಲ. ಅವಳ ಕಣ್ಣು ತುಂಬಿತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ದಿನ ಶಾಖೆಯವರೆಲ್ಲ ಬಣ್ಣದ ಡಬ್ಬಿಗಳನ್ನು ವ್ಯಾನಿಗೆ ವಾಪಸು ಹಾಕಿ, ಮೈದಾನದ ಕಲ್ಲು ಆಯ್ದರು, ಗುಂಡಿಗೆ ಹೊಸ ಮರಳು ತುಂಬಿದರು. ಮ್ಯಾನೇಜರ್ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತರು, ನಾಚಿಕೆ ಹೋಗಬೇಕಲ್ಲ.

ಸೇವೆಯ ದಿನ ಒಂದೇ, ಆದರೆ ಮೈಕಕ್ಕನಿಗೆ ಒಂದು ದಿನ ಯಾವ ಮೂಲೆಗೆ? ಮಾರನೆಯ ಸಂಜೆಯಿಂದ ಬ್ಯಾಂಕಿನ ಬಾಗಿಲು ಹಾಕಿದ ಕೂಡಲೇ ಅವಳು ಮೈದಾನದಲ್ಲಿ. ಗಂಡನೂ ಗ್ರಂಥಾಲಯ ಮುಚ್ಚಿ ಹಿಂದೆಯೇ ಬರುತ್ತಿದ್ದ. ಒಂದೊಂದು ಜಿಗಿತವಾದ ಮೇಲೂ ಕುಂಟೆ ಹಿಡಿದು ಮರಳನ್ನು ಸಮ ಮಾಡುವುದು ಅವನ ಕೆಲಸ. ಆ ಕೆಲಸದಲ್ಲಿ ಮಾತಿಲ್ಲ, ಹಾಗಾಗಿ ಅದು ಅವನಿಗೆ ಬಹಳ ಹಿಡಿಸಿತು.

ಮೊದಲ ದಿನ ಮೈಕಕ್ಕ ಕೂಗಿದ್ದು ಹೀಗೆ: “ಬಾ ಪುಟ್ಟಾ, ಹೆದರಬೇಡ, ನಾನಿದೀನಿ, ಹಾಂ, ಹಾಗೇ, ಸ್ವಲ್ಪ ಎಡಕ್ಕೆ, ಅಯ್ಯೋ ಅಷ್ಟು ಬೇಡ, ಬಾ ಬಾ, ಚಿನ್ನ ನನ್ನದು!” ಮಿಡತೆ ಅರ್ಧ ದಾರಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂತಳು.

“ಅಕ್ಕಾ, ಪುರಾಣ ಬೇಡ. ಒಂದೇ ಮಾತು ಹಿಡ್ಕೊಳಿ.”

ಮೇಷ್ಟ್ರು ಗಾಳಿಯಲ್ಲೇ ಹೇಳಿಕೊಟ್ಟರು. “ನಿಮ್ಮ ಕೆಲಸಕ್ಕೆ ಎರಡೇ ಮಾತು. ನೇರ ಬರ್ತಿದ್ರೆ ‘ಬಾ’. ದಾರಿ ತಪ್ಪಿದ್ರೆ ‘ನಿಲ್ಲು’. ಮೂರನೇದು ಆಡಬೇಡಿ.”

ಮೈಕಕ್ಕನಂಥವಳಿಗೆ ಎರಡೇ ಮಾತು! ಉಪವಾಸ ಕೂರಿಸಿದಂತೆಯೇ. ಆದರೂ ಕಲಿತಳು. ಬಾ, ಬಾ, ಬಾ ಎಂದು ಒಂದೇ ಎತ್ತರದಲ್ಲಿ, ಒಂದೇ ಓಟದಲ್ಲಿ. ಅಡುಗೆ ಮಾಡುತ್ತಾ ಅಭ್ಯಾಸ ಮಾಡಿದಳು. ಪಕ್ಕದ ಮನೆಯಾಕೆ ಎರಡು ಸಲ ಬಂದು ಕದ ತಟ್ಟಿ, “ಕರೆದ್ರಾ?” ಎಂದು ಕೇಳಿದಳು. ‘ನಿಲ್ಲು’ ಅನ್ನುವ ಮಾತನ್ನು ಮಾತ್ರ ಅವಳು ಅಭ್ಯಾಸ ಮಾಡಲಿಲ್ಲ. ಆ ಮಗುವನ್ನು ನಿಲ್ಲಿಸುವ ಕಾಲ ಯಾಕೆ ಬರಬೇಕು ಅನ್ನುವುದು ಅವಳ ವಾದ.

ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು. ಮಿಡತೆ ಪೂರ್ತಿ ಓಡುತ್ತಿರಲಿಲ್ಲ. ದನಿ ಹಿಡಿದು ನೇರ ಬರುತ್ತಿದ್ದಳು, ಹಾರುತ್ತಿದ್ದಳು, ಆದರೆ ಕೊನೆಯ ನಾಲ್ಕು ಹೆಜ್ಜೆಯಲ್ಲಿ ಓಟ ಇಳಿದುಹೋಗುತ್ತಿತ್ತು. ಮೈಕಕ್ಕ ದನಿ ಏರಿಸಿ ನೋಡಿದಳು, ಇಳಿಸಿ ನೋಡಿದಳು, ಮುದ್ದು ಮಾಡಿದಳು, ಗದರಿದಳು. ಹುಡುಗಿ ಪ್ರತಿ ಸಲವೂ “ಆಗತ್ತೆ ಅಕ್ಕಾ” ಎನ್ನುತ್ತಿದ್ದಳು, ಆಗುತ್ತಿರಲಿಲ್ಲ. ಕಾಲಿನ ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಅಷ್ಟು ಜಿಗಿತಕ್ಕೆ ದೊಡ್ಡ ತಂಡದಲ್ಲಿ ಜಾಗ ಸಿಗುವುದಿಲ್ಲ ಎಂದು ಮೇಷ್ಟ್ರು ಗಂಡನ ಹತ್ತಿರ ಹೇಳಿದ್ದನ್ನು ಮೈಕಕ್ಕ ಕೇಳಿಸಿಕೊಂಡಳು. ತನ್ನಿಂದಲೇ ಏನೋ ಕಮ್ಮಿಯಾಗುತ್ತಿದೆ ಎಂದು ಮನೆಗೆ ಬಂದು ಅತ್ತಳು.

ಪಂದ್ಯದ ದಿನ ಬಂದೇಬಿಟ್ಟಿತು. ದೊಡ್ಡ ಮೈದಾನ, ಬಣ್ಣಬಣ್ಣದ ಬಾವುಟ, ಎಲ್ಲೆಲ್ಲಿಂದಲೋ ಬಂದ ತಂಡಗಳು. ಬ್ಯಾಂಕಿನವರು ರಜೆಯ ದಿನವಾದರೂ ಹಳದಿ ಟೀ ಶರ್ಟು ತೊಟ್ಟು, ಕಾವಲಿನವನನ್ನೂ ಕರೆದುಕೊಂಡು ಬಂದು ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಮ್ಯಾನೇಜರ್ ಪೀಪಿ ತಂದಿದ್ದರು. ಅದನ್ನು ಮೇಷ್ಟ್ರು ಕೈಯಿಂದ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಇಲ್ಲಿನ ನಿಯಮವೇ ಬೇರೆ: ಒಬ್ಬರು ಓಡಲು ನಿಂತ ಮೇಲೆ ನೋಡುವವರು ಸೊಲ್ಲೆತ್ತುವಂತಿಲ್ಲ, ಚಪ್ಪಾಳೆಯಂತೂ ಕೂಡದು. ಕರೆಯುವವರ ದನಿಯೊಂದೇ ಕೇಳಬೇಕು. ಒಬ್ಬೊಬ್ಬರಿಗೂ ಮೂರು ಅವಕಾಶ. ಮಸುಕಾಗಿ ಕಾಣುವವರೂ ಇರುತ್ತಾರಾದ್ದರಿಂದ ಜಿಗಿಯುವ ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ.

ಮಿಡತೆಯ ಸರದಿ ಬಂತು. ಮೈಕಕ್ಕ ಮರಳಿನ ಆಚೆ ನಿಂತು ಎದೆತುಂಬ ಉಸಿರೆಳೆದಳು. “ಬಾ! ಬಾ! ಬಾ!” ಹುಡುಗಿ ಹೊರಟಳು, ನೇರ, ಚೆಂದ. ನಡುದಾರಿಗೆ ಬಂದಿದ್ದಳಷ್ಟೇ, ಬೆಂಚಿನ ಮೇಲಿಂದ ಪಟಪಟ ಚಪ್ಪಾಳೆ. ಮ್ಯಾನೇಜರ್! ಉತ್ಸಾಹ ಆ ಮನುಷ್ಯನ ಕೈಗೆ ಇಳಿದುಬಿಟ್ಟಿತ್ತು. ಮಿಡತೆ ತಡವರಿಸಿದಳು, ಓಟ ಸತ್ತಿತು, ಹಾರಿದ್ದು ಹಾರಿದಳೆಂಬ ಶಾಸ್ತ್ರಕ್ಕೆ ಅಷ್ಟೇ. ಎಲ್ಲರಿಗಿಂತ ಹಿಂದೆ ಬಿತ್ತು ಆ ಗುರುತು.

ಮ್ಯಾನೇಜರ್ ತಮ್ಮ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮೈಕಕ್ಕನ ಗಂಡ ಕುಂಟೆ ಕೆಳಗಿಟ್ಟು ನೇರ ಹೋಗಿ ಬೆಂಚುಗಳ ಮುಂದೆ ನಿಂತ. ತುಟಿಯ ಮೇಲೆ ಬೆರಳಿಟ್ಟು “ಶ್” ಎಂದ. ಇಡೀ ಜನ್ಮದ ಅನುಭವವಿದ್ದ ‘ಶ್’ ಅದು. ಬ್ಯಾಂಕಿನವರಷ್ಟೇ ಅಲ್ಲ, ಪಕ್ಕದ ಎರಡು ಊರಿನ ಜನವೂ ಗಪ್‌ಚಿಪ್.

ಎರಡನೆಯ ಸಲ. ಹುಡುಗಿಗೆ ಸಿಟ್ಟು ಬಂದಿತ್ತು. “ಬಾ! ಬಾ!” ಎಂದದ್ದೇ ತಡ, ಬಾಣದಂತೆ ಹೊರಟಳು. ಇಷ್ಟು ಜೋರಾಗಿ ಅವಳು ಓಡಿದ್ದನ್ನು ಮೈಕಕ್ಕ ನೋಡಿಯೇ ಇರಲಿಲ್ಲ. ಇದೇ, ಇದೇ ಬೇಕಾಗಿದ್ದದ್ದು! ಅನ್ನುವಷ್ಟರಲ್ಲಿ ಗಾಳಿ ಎದ್ದಿತು, ಬಾವುಟಗಳು ಪಟಪಟ ಬಡಿದುಕೊಂಡವು, ಹುಡುಗಿ ಬಲಕ್ಕೆ ವಾಲಿದಳು. ಒಂದು ಹೆಜ್ಜೆ. ಇನ್ನೊಂದು. ಅಲ್ಲಿ ಶಾಮಿಯಾನದ ಕಬ್ಬಿಣದ ಕಂಬ. ಕೂಗಿ ನಿಲ್ಲಿಸಿದರೆ ಈ ಅವಕಾಶ ಹೋಯಿತು, ಉಳಿಯುವುದು ಒಂದೇ. ಕೂಗದಿದ್ದರೆ ತಾನಾಗಿ ಸರಿಹೋದಾಳೋ ಏನೋ. ಮೈಕಕ್ಕನ ಜೀವ ಬಾಯಿಗೆ ಬಂತು.

“ನಿಲ್ಲು!”

ಹುಡುಗಿ ಎರಡು ಹಿಮ್ಮಡಿಯನ್ನೂ ನೆಲಕ್ಕೆ ಊರಿ, ಧೂಳೆಬ್ಬಿಸಿ ನಿಂತಳು. ತೀರ್ಪುಗಾರ ಕೆಂಪು ಬಾವುಟ ಎತ್ತಿದ. ಹಿಂದಿನಿಂದ ಯಾರೋ, “ಬಿಟ್ಟಿದ್ರೆ ಹಾರ್ತಿದ್ಲು, ಛೆ!” ಎಂದರು. ನಾನೇ ಕೆಡಿಸಿದೆನಾ? ಈ ಹಾಳು ಬಾಯಿ ಇಲ್ಲೂ ಕೆಡಿಸಿತಾ? ಮೈಕಕ್ಕ ಮರಳನ್ನು ಸುತ್ತಿ ಓಡಿಬಂದಳು.

“ಪುಟ್ಟಾ, ನನ್ನ ಕ್ಷಮಿಸು. ನೀನು ಎಷ್ಟು ಚೆನ್ನಾಗಿ ಓಡ್ತಿದ್ದೆ. ನಾನು...”

ಮಿಡತೆ ಕೈ ಮುಂದೆ ಚಾಚಿದಳು. ಮೊಣಕೈ ಇನ್ನೂ ಬಾಗಿರುವಾಗಲೇ ಬೆರಳಿಗೆ ಕಂಬ ತಗಲಿತು. ಅದನ್ನು ಮೇಲೆ ಕೆಳಗೆ ಸವರಿದಳು. ಗಟ್ಟಿ ಕಬ್ಬಿಣ.

“ಇದು ಇಷ್ಟು ಹತ್ರ ಇತ್ತಾ?”

“ಇತ್ತು ಕಂದಾ.”

“ಆದ್ರೂ ನಿಲ್ಲಿಸಿದ್ರಿ. ಛಾನ್ಸ್ ಹೋಗತ್ತೆ ಅಂತ ಗೊತ್ತಿದ್ರೂ ನಿಲ್ಲಿಸಿದ್ರಿ!” ಹುಡುಗಿಯ ಮುಖ ಅರಳುತ್ತಾ ಹೋಯಿತು. “ಅಕ್ಕಾ, ಬಾ ಅಂತ ಎಲ್ರೂ ಕರೀತಾರೆ. ದಾರಿ ತಪ್ಪಿದ್ರೆ ನಿಲ್ಲಿಸ್ತಾರಾ ಇಲ್ವಾ, ಅದು ಗೊತ್ತಿರಲಿಲ್ಲ ನಂಗೆ. ಅದಕ್ಕೇ ಕಾಲು ಹಿಡಿತಿತ್ತು. ಈಗ ಗೊತ್ತಾಯ್ತಲ್ಲ. ಹೋಗಿ, ನಿಂತ್ಕೊಳಿ ನಿಮ್ಮ ಜಾಗದಲ್ಲಿ. ಓಡ್ತೀನಿ!”

ಮೈಕಕ್ಕ ಹೋಗಿ ನಿಂತಳು. ಅಳುವೋ ಸಂತೋಷವೋ, ಎರಡೂ ಒಟ್ಟಿಗೆ ನುಗ್ಗಿ ಬರುತ್ತಿತ್ತು. ಎರಡನ್ನೂ ನುಂಗಿಕೊಂಡು ಬಾಯಿ ತೆರೆದಳು. ಬಾ! ಬಾ! ಬಾ! ಗಿರಣಿಯ ಬೆಲ್ಟಿನ ಸದ್ದನ್ನು ಮೀರಿಸಿ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದ ಅದೇ ಗಂಟಲು, ಎಳ್ಳಷ್ಟೂ ಅಂಜಿಕೆಯಿಲ್ಲದೆ. ಮೈದಾನದಲ್ಲಿ ಬೇರೆ ಸದ್ದೇ ಇರಲಿಲ್ಲ. ಮಿಡತೆ ಬಂದಳು. ಕೊನೆಯ ನಾಲ್ಕು ಹೆಜ್ಜೆ ಬಂತು, ಓಟ ಇಳಿಯಲಿಲ್ಲ, ಏರಿತು! ಜಿಗಿಯುವ ಹಲಗೆಯ ಮೇಲೆ ಕಾಲು ದಡ್ ಎಂದಿತು, ಹುಡುಗಿ ಗಾಳಿಯಲ್ಲಿದ್ದಳು, ಮೈಕಕ್ಕ ಮೇಷ್ಟ್ರ ಎರಡು ಮಾತಿನ ಪಾಠ ಮರೆತು ಇದ್ದಬದ್ದ ಶಕ್ತಿಯಿಂದ ಕಿರುಚಿದಳು, ಮರಳು ಎರಡೂ ಕಡೆಗೆ ಹಾರಿತು.

ಅಳೆಯುವವರು ಬಗ್ಗಿದರು. ಟೇಪು ಎಳೆದರು. ಏನೋ ತಪ್ಪಾಯಿತೆಂದು ಮತ್ತೊಮ್ಮೆ ಎಳೆದರು. ಫಲಕದಲ್ಲಿ ಅಂಕಿ ಮೂಡಿತು, ಅದು ಎಲ್ಲರಿಗಿಂತ ಮೇಲಿತ್ತು. ಅಲ್ಲಿಯವರೆಗೆ ಉಸಿರು ಹಿಡಿದು ಕೂತಿದ್ದ ಹಳದಿ ಅಂಗಿಗಳೆಲ್ಲ ಒಟ್ಟಿಗೆ ಸ್ಫೋಟಿಸಿದವು. ಮ್ಯಾನೇಜರ್ ಬೆಂಚಿನ ಮೇಲೆ ಹತ್ತಿ ಕುಣಿದರು, ಕಾವಲಿನವನು ಟೋಪಿ ಎಸೆದ, ಗ್ರಂಥಾಲಯದವನೂ ಎರಡು ಕೈ ಎತ್ತಿ ಹೋ ಎಂದು ಕೂಗಿದ. ಆತ ಕೂಗಿದ್ದನ್ನು ಕಂಡವರು ಅದಕ್ಕೂ ಮೊದಲು ಯಾರೂ ಇಲ್ಲ.

ಆ ಗದ್ದಲದಲ್ಲಿ ಮಿಡತೆಗೆ ದಿಕ್ಕೇ ತಿಳಿಯಲಿಲ್ಲ. ಮರಳಿನ ನಡುವೆ ನಿಂತು, ಕೈ ಚಾಚಿ, ಅತ್ತ ಇತ್ತ ತಿರುಗುತ್ತಿದ್ದಳು. “ಅಕ್ಕಾ! ಎಲ್ಲಿದೀರಾ ಅಕ್ಕಾ?”

ಮೈಕಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಕೊನೆಯ ಕಿರುಚಿನಲ್ಲಿ ಗಂಟಲು ಪೂರಾ ಕಟ್ಟಿಹೋಗಿತ್ತು. ಮತ್ತೆ ಪ್ರಯತ್ನಿಸಿದಳು, ಮೇಷ್ಟ್ರ ಹಾಗೆ ಬರೀ ಗಾಳಿ. ಚಪ್ಪಲಿ ಸಮೇತ ಮರಳಿಗೆ ಧುಮುಕಿ, ಓಡಿಹೋಗಿ ಅವಳ ಎರಡು ಕೈಯನ್ನೂ ಹಿಡಿದುಕೊಂಡಳು.

“ಯಾಕೆ ಮಾತಾಡ್ತಿಲ್ಲ?” ಹುಡುಗಿಯ ದನಿ ಇಳಿಯಿತು. “ಕಮ್ಮಿ ಬಿತ್ತಾ ಅಕ್ಕಾ? ಈ ಗಲಾಟೆ ಬೇರೆಯವರಿಗಾ?”

ಮೈಕಕ್ಕ ಇಲ್ಲ ಇಲ್ಲ ಎಂದು ಜೋರಾಗಿ ತಲೆ ಅಲ್ಲಾಡಿಸಿದಳು. ಆಮೇಲೆ ಅವಳಿಗೆ ಹೊಳೆಯಿತು, ತಲೆ ಅಲ್ಲಾಡಿಸಿ ಏನು ಬಂತು. ಹುಡುಗಿಯ ಅಂಗೈ ಎತ್ತಿ ತನ್ನ ಮುಖದ ಮೇಲೆ ಒತ್ತಿಕೊಂಡಳು. ಬೆರಳುಗಳು ಒದ್ದೆ ಕೆನ್ನೆಯ ಮೇಲೆ ಒಂದು ಗಳಿಗೆ ಹೆದರಿ ನಿಂತವು, ಆಮೇಲೆ ನಿಧಾನವಾಗಿ ಕೆಳಗಿಳಿದವು, ಕಿವಿಯವರೆಗೆ ಹಿಗ್ಗಿದ್ದ ತುಟಿ ಸಿಕ್ಕಿತು, ಹಲ್ಲು ಸಿಕ್ಕಿತು.

“ನಗ್ತಿದೀರಾ!” ಎಂದು ಮಿಡತೆ ಕಿರುಚಿದಳು. ಮೈಕಕ್ಕನೇ ಕಿವಿ ಮುಚ್ಚಿಕೊಂಡಳು.